ಮನೆಗೂ ಒಂದು ದನಿ

ನಮ್ಮ ರಾಮನಗರ ಸೀಮೆಯವರು ಎಲ್ಲಿಗಾದರೂ ಹೋಗಿ ಊರಿನ ಹೆಸರು ಹೇಳಿದರೆ ಸಾಕು, ಎದುರಿಗಿದ್ದವರು ಕೇಳುವ ಮಾತು ಒಂದೇ: 'ಓಹೋ, ಶೋಲೆ ತೆಗೆದ ಊರಾ?' ಚನ್ನಪಟ್ಟಣದ ಬೊಂಬೆ, ಮಾಗಡಿಯ ಕೆಂಪೇಗೌಡರು, ಕನಕಪುರದಾಚೆಯ ಮೇಕೆದಾಟು, ಏಷ್ಯಾದಲ್ಲೇ ದೊಡ್ಡದೆಂದು ಹೆಸರಾದ ರೇಷ್ಮೆಗೂಡಿನ ಮಾರುಕಟ್ಟೆ ಎಲ್ಲವೂ ಗಬ್ಬರ್ ಸಿಂಗನ ಹಿಂದೆ ಸಾಲಾಗಿ ನಿಲ್ಲಬೇಕು. 2007ರಲ್ಲಿ ನಮ್ಮದೇ ಒಂದು ಜಿಲ್ಲೆಯಾಯಿತು, 2025ರಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಎಂಬ ಹೆಸರೂ ಬಂತು. ಆದರೂ ಪ್ರಶ್ನೆ ಮಾತ್ರ ಬದಲಾಗಿಲ್ಲ.

ಅಂಥವರಿಗೆ ನಾನು ಒಂದು ಮರುಪ್ರಶ್ನೆ ಹಾಕುವುದುಂಟು. 'ಆ ಚಿತ್ರದಲ್ಲಿ ಠಾಕೂರನ ಮನೆ ನಿಮಗೆ ನೆನಪಿದೆಯೇ?' ಹೆಚ್ಚಿನವರು ತಲೆ ಕೆರೆದುಕೊಳ್ಳುತ್ತಾರೆ. ಸಂಭಾಷಣೆಯನ್ನು ಪಟಪಟನೆ ಒಪ್ಪಿಸುವವರಿಗೂ ಮನೆ ನೆನಪಿರುವುದಿಲ್ಲ. ಆಗ ನಾನೇ ಜ್ಞಾಪಿಸುತ್ತೇನೆ. ಸಂಜೆಗತ್ತಲು. ಮಹಡಿಯ ಮೇಲೆ ಬಿಳಿ ಸೀರೆಯುಟ್ಟ ವಿಧವೆ ಸೊಸೆ ಒಂದೊಂದೇ ದೀಪ ಆರಿಸುತ್ತ ಬರುತ್ತಾಳೆ. ಕೆಳಗೆ ಅಂಗಳದ ಆಚೆ ಕುಳಿತವನೊಬ್ಬ ಮೌತ್ ಆರ್ಗನ್ ನುಡಿಸುತ್ತಾನೆ. ಇಬ್ಬರ ನಡುವೆ ಒಂದು ಮಾತೂ ಇಲ್ಲ. ಅವರ ನಡುವಿನ ದೂರ ಎಷ್ಟೆಂದು ಹೇಳುವುದು ಆ ಮನೆ. ಆ ದೂರವನ್ನು ದಾಟಿ ಹೋಗುವುದು ಆ ಸಂಗೀತ. ಇಷ್ಟು ಹೇಳಿದರೆ ಎಲ್ಲರಿಗೂ ಥಟ್ಟನೆ ನೆನಪಾಗುತ್ತದೆ, ನಿಮಗೂ ಆಗಿರಬಹುದು.

ರಮೇಶ್ ಸಿಪ್ಪಿಯವರ ತಂಡ ಇಲ್ಲಿ ಚಿತ್ರೀಕರಣ ಆರಂಭಿಸಿದ್ದು 1973ರ ಅಕ್ಟೋಬರಿನಲ್ಲಿ. ಚಿತ್ರ ತೆರೆ ಕಂಡದ್ದು 1975ರ ಆಗಸ್ಟ್ 15ರಂದು. ಬಂಡೆಗಳ ಮಧ್ಯೆ ಒಂದು ಇಡೀ ಹಳ್ಳಿಯನ್ನೇ ನಿಲ್ಲಿಸಿದವರು ಕಲಾ ನಿರ್ದೇಶಕ ರಾಮ್ ಯಡೇಕರ್. ಸಂಗೀತ ಆರ್.ಡಿ. ಬರ್ಮನ್ ಅವರದು, ಅಮಿತಾಭ್ ಬಚ್ಚನ್ ಬಾಯಲ್ಲಿ ಕೇಳುವ ಮೌತ್ ಆರ್ಗನ್ನನ್ನು ನಿಜವಾಗಿ ನುಡಿಸಿದವರು ಭಾನು ಗುಪ್ತ. ಸೂರ್ಯ ಮುಳುಗಿ ಕತ್ತಲಾಗುವ ಮೊದಲು ಸಿಗುವ ಕೆಲವೇ ನಿಮಿಷಗಳ ಬೆಳಕಿಗಾಗಿ ಕಾದು ಕಾದು, ಇಷ್ಟು ಪುಟ್ಟ ದೃಶ್ಯಕ್ಕೆ ದಿನಗಟ್ಟಲೆ ಹಿಡಿಯಿತಂತೆ. ಮರ, ಬಣ್ಣ, ಹಲಗೆಗಳ ಆ ರಾಮಗಢ ಇಂದು ಇಲ್ಲ. ಆ ಮನೆಯಲ್ಲಿ ಯಾರೂ ಸಂಸಾರ ಮಾಡಿದವರಲ್ಲ, ಒಂದು ದಿನ ಒಲೆ ಹೊತ್ತಿಸಿದವರಲ್ಲ. ಆದರೂ ಅದು ಮನೆಯೆಂದೇ ನಮಗನ್ನಿಸುತ್ತದೆ. ಯಾಕೆ?

ಈ 'ಯಾಕೆ'ಯನ್ನು ಈಚೆಗೆ ನನ್ನ ತಲೆಗೆ ಹತ್ತಿಸಿದವಳು ನನ್ನ ಅಣ್ಣನ ಮಗಳು. ಕನಕಪುರದಲ್ಲಿ ಎರಡನೇ ಪಿಯುಸಿ ಓದುತ್ತಿದ್ದ ಹುಡುಗಿ. ಗಣಿತದಲ್ಲಿ ಚುರುಕು, ಹಾಗಾಗಿ ಎಂಜಿನಿಯರಿಂಗ್ ಎಂಬುದು ಅವಳು ಹುಟ್ಟುವ ಮೊದಲೇ ನಿಗದಿಯಾದ ಹಾಗಿತ್ತು. ಒಂದು ಭಾನುವಾರ ಊಟಕ್ಕೆ ಕುಳಿತಾಗ ಅವಳು ಎರಡು ಮಾತು ಹೇಳಿದಳು. ಒಂದು, ತಾನು ಆರ್ಕಿಟೆಕ್ಚರ್ ಓದುತ್ತೇನೆ. ಎರಡು, ಹಳ್ಳಿಯ ಮನೆ ಕೆಡವುವ ಮೊದಲು ಅದರ ಮೇಲೆ ಒಂದು ಸಿನಿಮಾ ಮಾಡುತ್ತೇನೆ.

ಅಣ್ಣ ಕೈಯಲ್ಲಿದ್ದ ಮುದ್ದೆಯನ್ನು ತಟ್ಟೆಗೇ ಇಟ್ಟ. 'ಆರ್ಕಿಟೆಕ್ಟ್ ಅಂದ್ರೆ ಬಾಗಿಲು ಯಾವ ದಿಕ್ಕಿಗಿಡ್ಬೇಕು ಅಂತ ಹೇಳೋರಲ್ವಾ? ಅದಕ್ಕೆ ಐದು ವರ್ಷ ಓದ್ಬೇಕಾ?' ಅಂದ. ಸಿನಿಮಾದ ಮಾತಿಗೆ ಉತ್ತರವನ್ನೇ ಕೊಡಲಿಲ್ಲ. ಅತ್ತಿಗೆ ಮಾತ್ರ, 'ಆ ಹಾಳು ಮನೇಲಿ ಏನಿದೆ ಅಂತ ಸಿನಿಮಾ ತೆಗೀತೀಯೇ?' ಎಂದು ಕೇಳಿದರು.

ಅತ್ತಿಗೆಯ ಮಾತಿನಲ್ಲಿ ಸುಳ್ಳೇನಿರಲಿಲ್ಲ. ಅದು ತೊಟ್ಟಿಮನೆ. ನಡುವೆ ಆಕಾಶಕ್ಕೆ ತೆರೆದ ತೊಟ್ಟಿ, ಸುತ್ತ ಪಡಸಾಲೆ, ಹನ್ನೆರಡು ಕಂಬ, ಮಣ್ಣಿನ ಗೋಡೆ, ಮೇಲೆ ನಾಡಹೆಂಚು. ಅಣ್ಣತಮ್ಮಂದಿರು ಮೂವರಲ್ಲಿ ನಾನು ಕಡೆಯವನು. ಮೂವರಿಗೂ ಕೂಡಿದ ಮನೆ ಎಂದರೆ ರಿಪೇರಿ ಯಾರ ಜವಾಬ್ದಾರಿಯೂ ಅಲ್ಲದ ಮನೆ ಎಂದೇ ಅರ್ಥ. ತೊಲೆಗಳಿಗೆ ಗೆದ್ದಲು ಹಿಡಿದಿತ್ತು. ಮಳೆಗಾಲದಲ್ಲಿ ಎರಡು ಕಡೆ ಗೋಡೆ ಉಬ್ಬಿತ್ತು. ಅವ್ವ ಒಬ್ಬಳೇ ಅಲ್ಲಿರುವುದು ಕ್ಷೇಮವಲ್ಲ ಎಂದು ಮೂವರೂ ಕೂತು ಮಾತಾಡಿ, ಕೆಡವಿ ನಿವೇಶನ ಪಾಲು ಮಾಡಿಕೊಳ್ಳುವುದೆಂದು ತೀರ್ಮಾನಿಸಿದೆವು. ಹಣ, ಅವ್ವನ ವಯಸ್ಸು ಎರಡನ್ನೂ ನೋಡಿದರೆ ಬೇರೆ ದಾರಿ ಇರಲಿಲ್ಲ. ಕೊನೆಯದೊಂದು ರೇಷ್ಮೆ ಬೆಳೆ ಮುಗಿಯಲಿ ಎಂದು ಕಾಯುತ್ತಿದ್ದೆವು, ಅಷ್ಟೆ.

ಹುಡುಗಿ ಚಿಕ್ಕಪ್ಪನಾದ ನನ್ನ ಬಳಿ ಬಂದಳು. ನಾನು ಬೆಂಗಳೂರಿನಲ್ಲಿ ಬ್ಯಾಂಕಿನ ಕೆಲಸದಲ್ಲಿದ್ದಾಗ ಫಿಲ್ಮ್ ಸೊಸೈಟಿಯೊಂದರ ಸದಸ್ಯನಾಗಿದ್ದವನು; ಬೇರೆಯವರು ಎದ್ದುಹೋಗುವ ಸಿನಿಮಾಗಳನ್ನು ಕಡೆಯವರೆಗೆ ಕೂತು ನೋಡುತ್ತಾನೆಂದು ಮನೆಯಲ್ಲಿ ನನಗೊಂದು ಖ್ಯಾತಿ. 'ಚಿಕ್ಕಪ್ಪ, ಕಥೆ ಇಲ್ಲದೆ, ಮಾತು ಇಲ್ಲದೆ, ಬರೀ ಒಂದು ಮನೆ ಮತ್ತು ಅದರ ಸದ್ದು ಇಟ್ಟುಕೊಂಡು ಸಿನಿಮಾ ಮಾಡಬಹುದಾ? ಯಾರಾದರೂ ಮಾಡಿದ್ದಾರಾ?' ಎಂದು ಕೇಳಿದಳು. ಮಾಡಿದ್ದಾರೆ ಮಗಳೇ, ಎಂದು ನನಗೆ ತಿಳಿದದ್ದನ್ನೆಲ್ಲ ಹೇಳತೊಡಗಿದೆ.

ಮೊದಲು ನಮ್ಮ ಮಾಗಡಿಯ ಸಾವನದುರ್ಗವನ್ನೇ ತೆಗೆದುಕೊಳ್ಳಿ. ಇಂಗ್ಲೆಂಡಿನ ಡೇವಿಡ್ ಲೀನ್ 1984ರಲ್ಲಿ ತೆರೆಗೆ ತಂದ 'ಎ ಪ್ಯಾಸೇಜ್ ಟು ಇಂಡಿಯಾ' ಚಿತ್ರದ ಗುಹೆಯ ದೃಶ್ಯಗಳಿಗೆ ಅವರು ಆರಿಸಿಕೊಂಡದ್ದು ಸಾವನದುರ್ಗ ಮತ್ತು ರಾಮದೇವರ ಬೆಟ್ಟದ ಬಂಡೆಗಳನ್ನು. ಇ.ಎಂ. ಫಾರ್ಸ್ಟರ್ 1924ರಲ್ಲಿ ಪ್ರಕಟಿಸಿದ ಕಾದಂಬರಿಗೆ ಸ್ಫೂರ್ತಿಯಾದ ಗುಹೆಗಳಿರುವುದು ಬಿಹಾರದ ಬರಾಬರ್ ಬೆಟ್ಟದಲ್ಲಿ. ಮೌರ್ಯರ ಕಾಲದಲ್ಲಿ ಆಜೀವಕ ಸನ್ಯಾಸಿಗಳಿಗಾಗಿ ಕೊರೆಸಿದ ಆ ಗುಹೆಗಳ ಒಳಗೋಡೆ ಕನ್ನಡಿಯಂತೆ ನುಣುಪು. ಕಾದಂಬರಿಯಲ್ಲಿ ಆ ಗುಹೆಯೊಳಗೆ ನೀವು ಏನೇ ಅನ್ನಿ, ಮರಳಿ ಬರುವುದು ಒಂದೇ ಸದ್ದು. ಹೊಗಳಿಕೆಯೂ ಬೈಗುಳವೂ ಒಂದೇ ಆಗಿ ಕೇಳುವ ಆ ಪ್ರತಿಧ್ವನಿಗೆ ಒಬ್ಬ ವೃದ್ಧೆಯ ಮನಸ್ಸೇ ಕುಸಿದುಬೀಳುತ್ತದೆ. ಇಡೀ ಕಥೆ ನಿಂತಿರುವುದು ಖಾಲಿ ಕೋಣೆಯೊಂದರ ಸದ್ದಿನ ಮೇಲೆ! ಈ ಚಿತ್ರದ ಸಂಗೀತಕ್ಕೆ ಮಾರಿಸ್ ಜಾರ್ ಆಸ್ಕರ್ ಪಡೆದರು. ನಿರ್ಮಾಣ ವಿನ್ಯಾಸ ಮಾಡಿದ ಜಾನ್ ಬಾಕ್ಸ್ ಸಿನಿಮಾಕ್ಕೆ ಬರುವ ಮೊದಲು ಓದಿದ್ದು ವಾಸ್ತುಶಿಲ್ಪ. ಈ ಕೊನೆಯ ವಿಷಯವನ್ನು ಅಣ್ಣನ ಕಿವಿಗೂ ಬೀಳುವಂತೆ ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ ಅನ್ನಿ.

ಪ್ರತಿಧ್ವನಿಯ ಲೆಕ್ಕ ಹೈಸ್ಕೂಲಿನ ಹುಡುಗರಿಗೆ ಗೊತ್ತೇ ಇದೆ. ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 340 ಮೀಟರ್ ಓಡುತ್ತದೆ. ಎರಡು ಸದ್ದುಗಳನ್ನು ಬೇರೆಬೇರೆಯಾಗಿ ಕೇಳಲು ಕಿವಿಗೆ ಸೆಕೆಂಡಿನ ಹತ್ತನೇ ಒಂದು ಭಾಗದ ಅಂತರ ಬೇಕು. ಆದ್ದರಿಂದ ಗೋಡೆ ಕನಿಷ್ಠ 17 ಮೀಟರ್ ದೂರವಿದ್ದರೆ ಪ್ರತಿಧ್ವನಿ. ಅದಕ್ಕಿಂತ ಹತ್ತಿರವಿದ್ದರೆ ಸದ್ದಿನ ಮೇಲೆ ಸದ್ದು ಬಿದ್ದು ಗುಂಯ್‌ಗುಟ್ಟುತ್ತದೆ. ಪರೀಕ್ಷೆಯಲ್ಲಿ ಇದಕ್ಕೆ ಎರಡು ಅಂಕ. ಆದರೆ ಇದೇ ಲೆಕ್ಕ ನಾವು ವಾಸಿಸುವ ಮನೆಯ ಗುಣವನ್ನೂ ತೀರ್ಮಾನಿಸುತ್ತದೆ ಎಂದು ಯಾರೂ ಹೇಳುವುದಿಲ್ಲ. ಗೃಹಪ್ರವೇಶದ ಹಿಂದಿನ ದಿನ ಹೊಸ ಆರ್‌ಸಿಸಿ ಮನೆಯಲ್ಲಿ ನಿಂತು ಕೆಮ್ಮಿ ನೋಡಿ. ಸಿಮೆಂಟಿನ ಗೋಡೆ, ನುಣುಪು ಟೈಲ್ಸು ನಿಮ್ಮ ಕೆಮ್ಮನ್ನು ನಿಮಗೇ ವಾಪಸು ಎಸೆಯುತ್ತವೆ. ಮಣ್ಣಿನ ಗೋಡೆ ಹಾಗಲ್ಲ, ಸದ್ದನ್ನು ಅಷ್ಟಿಷ್ಟು ಒಳಗೆ ಎಳೆದುಕೊಳ್ಳುತ್ತದೆ. ತೊಟ್ಟಿಯ ಮೇಲೆ ಸೂರಿಲ್ಲದ್ದರಿಂದ ಹೆಚ್ಚಾದ ಸದ್ದು ಆಕಾಶಕ್ಕೆ ಹೋಗಿಬಿಡುತ್ತದೆ. ಇಪ್ಪತ್ತು ಜನ ಒಟ್ಟಿಗೆ ಮಾತಾಡಿದರೂ ತಲೆನೋವು ಬರದಂಥ ಮನೆಯನ್ನು ಓದುಬರಹ ತಿಳಿಯದ ಮೇಸ್ತ್ರಿಗಳು ಕಟ್ಟಿದ್ದರು.

ಇನ್ನು ಸಂಗೀತ ಮತ್ತು ಸಿನಿಮಾಕ್ಕಾಗಿಯೇ ವಾಸ್ತುಶಿಲ್ಪಿಯೊಬ್ಬ ಮನೆ ಕಟ್ಟಿದ ಕಥೆ. 1958ರಲ್ಲಿ ಬ್ರಸೆಲ್ಸ್ ನಗರದಲ್ಲಿ ವಿಶ್ವ ವಸ್ತುಪ್ರದರ್ಶನ ನಡೆಯಿತು. ರೇಡಿಯೊ, ಬಲ್ಬು ತಯಾರಿಸುವ ಫಿಲಿಪ್ಸ್ ಕಂಪನಿ ತನ್ನ ಮಳಿಗೆಯನ್ನು ರೂಪಿಸಿಕೊಡುವಂತೆ ಲ ಕಾರ್ಬೂಸಿಯೆ ಅವರನ್ನು ಕೇಳಿತು. ನಮ್ಮ ಚಂಡೀಗಢ ನಗರವನ್ನು ಆ ದಿನಗಳಲ್ಲಿ ರೂಪಿಸುತ್ತಿದ್ದವರೇ ಅವರು. ಸಾಮಾನು ಜೋಡಿಸುವ ಮಳಿಗೆಯ ಬದಲು ಬೆಳಕು, ಬಣ್ಣ, ಚಿತ್ರ, ನಾದ ಎಲ್ಲ ಕೂಡಿದ ಒಂದು ವಿದ್ಯುತ್ ಕಾವ್ಯವನ್ನೇ ಕೊಡುತ್ತೇನೆಂದು ಅವರು ಹೊರಟರು. ಕಟ್ಟಡದ ಆಕಾರವನ್ನು ರೂಪಿಸಿದ್ದು ಅವರ ಕಚೇರಿಯಲ್ಲಿದ್ದ ಯಾನಿಸ್ ಜೆನಾಕಿಸ್. ಈತ ಓದಿನಲ್ಲಿ ಎಂಜಿನಿಯರು, ಒಲವಿನಲ್ಲಿ ಸಂಗೀತಗಾರ. ಅದಕ್ಕೂ ಮುಂಚೆ ಅವರು ಬರೆದಿದ್ದ ವಾದ್ಯವೃಂದದ ಕೃತಿಯೊಂದರಲ್ಲಿ ಹತ್ತಾರು ಪಿಟೀಲುಗಳು ಒಂದು ಸ್ವರದಿಂದ ಇನ್ನೊಂದಕ್ಕೆ ಜಾರುತ್ತ ಹೋಗುತ್ತವೆ; ನಮ್ಮ ಸಂಗೀತದ ಜಾರು ಇದ್ದ ಹಾಗೆ ಅನ್ನಿ. ಆ ಜಾರುಗಳನ್ನು ಕಾಗದದ ಮೇಲೆ ನೇರಗೆರೆಗಳಾಗಿ ಎಳೆದರೆ, ಗೆರೆಗಳೆಲ್ಲ ಸೇರಿ ಒಂದು ಬಾಗಿದ ಮೈ ಕಾಣುತ್ತದೆ. ಅದೇ ಬಾಗು ಕಾಂಕ್ರೀಟಿನ ಗೋಡೆಯಾಯಿತು. ಒಳಗೆ 300ಕ್ಕೂ ಹೆಚ್ಚು ಧ್ವನಿವರ್ಧಕಗಳು. ಎಡ್ಗರ್ ವಾರೇಸ್ ಸಿದ್ಧಪಡಿಸಿದ ಸುಮಾರು 8 ನಿಮಿಷದ ನಾದ ಆ ಗೋಡೆಗಳ ಮೇಲೆ ಹರಿದಾಡುತ್ತಿತ್ತು. ಜೊತೆಯಲ್ಲಿ ಅದೇ ಗೋಡೆಗಳ ಮೇಲೆ ಚಲನಚಿತ್ರ. ಜನ ಒಳಗೆ ಬರುವಾಗ ಕೇಳುತ್ತಿದ್ದ ಕಿರುಕೃತಿ ಜೆನಾಕಿಸ್ ಅವರದು. ಅದನ್ನು ಅವರು ಮಾಡಿದ್ದು ಯಾವ ವಾದ್ಯದಿಂದಲೂ ಅಲ್ಲ, ಉರಿಯುವ ಇದ್ದಿಲಿನ ಚಟಚಟ ಸದ್ದಿನಿಂದ! ವಸ್ತುಪ್ರದರ್ಶನ ಮುಗಿದು 1959ರಲ್ಲಿ ಆ ಕಟ್ಟಡವನ್ನು ಕೆಡವಿಬಿಟ್ಟರು. ಉಳಿದದ್ದು ನಕ್ಷೆ, ಚಿತ್ರ, ಧ್ವನಿಮುದ್ರಿಕೆ.

'ಅಷ್ಟು ದೊಡ್ಡೋರ ಮನೇನೂ ಕೆಡವಿದ್ರಾ?' ಎಂದು ಹುಡುಗಿ ಕೇಳಿದಳು. ಅವಳಿಗೆ ಆ ಸುದ್ದಿಯಿಂದ ಸ್ವಲ್ಪ ಸಮಾಧಾನವಾದಂತಿತ್ತು.

ನಮ್ಮಲ್ಲೇ ಹುಡುಕಿದರೆ, ಬೆಂಗಳೂರಿನ ಚೌಡಯ್ಯ ಸ್ಮಾರಕ ಭವನವಿದೆ. ಏಳು ತಂತಿಯ ಪಿಟೀಲಿನ ಪ್ರಯೋಗ ಮಾಡಿದ ತಿರುಮಕೂಡಲು ಚೌಡಯ್ಯನವರ (1895-1967) ನೆನಪಿಗೆ ಪಿಟೀಲಿನ ಆಕಾರದಲ್ಲೇ 1980ರಲ್ಲಿ ಎದ್ದ ಕಟ್ಟಡ ಅದು. ಶಾಲಾ ಪ್ರವಾಸದಲ್ಲಿ ಹೊರಗಿನಿಂದಲಾದರೂ ಮಕ್ಕಳು ನೋಡಿರುತ್ತಾರೆ. ಸಿನಿಮಾದಲ್ಲಾದರೆ ಮಣಿ ಕೌಲ್ 1982ರಲ್ಲಿ ಮಾಡಿದ 'ಧ್ರುಪದ್'. ಸ್ವತಃ ಧ್ರುಪದ್ ಕಲಿತಿದ್ದ ಅವರು ರುದ್ರವೀಣೆಯ ಜಿಯಾ ಮೊಹಿಯುದ್ದೀನ್ ಡಾಗರ್, ಗಾಯಕ ಜಿಯಾ ಫರೀದುದ್ದೀನ್ ಡಾಗರ್ ಸೋದರರನ್ನು ಹಳೆಯ ಕಟ್ಟಡಗಳ ನಡುವೆ ಕೂರಿಸಿ ಚಿತ್ರಿಸಿದರು. ಆಲಾಪ ಎಷ್ಟು ನಿಧಾನವೋ ಕ್ಯಾಮೆರಾ ಅಷ್ಟೇ ನಿಧಾನ. ಕಂಬದಿಂದ ಕಂಬಕ್ಕೆ, ನೆರಳಿನಿಂದ ಬಿಸಿಲಿಗೆ ಅದು ಸಾಗುವುದನ್ನು ನೋಡುತ್ತಿದ್ದರೆ ಕಲ್ಲೂ ಶ್ರುತಿ ಹಿಡಿದಿದೆ ಅನ್ನಿಸುತ್ತದೆ. ಇನ್ನು ಗಿರೀಶ ಕಾಸರವಳ್ಳಿಯವರ 'ಮನೆ'. ಹಳ್ಳಿಯಿಂದ ನಗರಕ್ಕೆ ಬಂದ ಗಂಡಹೆಂಡಿರು ಆಸೆಯಿಂದ ಬಾಡಿಗೆ ಮನೆ ಹಿಡಿಯುತ್ತಾರೆ. ಪಕ್ಕದ ಶೆಡ್ಡಿನ ಸದ್ದು ಅವರ ನಿದ್ದೆಯನ್ನೂ ನೆಮ್ಮದಿಯನ್ನೂ ತಿನ್ನುತ್ತದೆ. ಗೋಡೆ ನಮ್ಮದಾದರೂ ಸದ್ದು ನಮ್ಮದಲ್ಲದಿದ್ದರೆ ಅದು ಮನೆಯಾಗುವುದಿಲ್ಲ ಎಂದು ಆ ಚಿತ್ರ ನೋಡಿದ ದಿನ ನನಗನ್ನಿಸಿತ್ತು.

ಇಷ್ಟು ಕೇಳಿಸಿಕೊಂಡು ಹೋದವಳು ಆಮೇಲೆ ನನ್ನನ್ನು ಏನೂ ಕೇಳಲಿಲ್ಲ. ಮೊಬೈಲು, ಒಂದು ಟೇಪು, ನೋಟುಬುಕ್ಕು ಹಿಡಿದು ನಾಲ್ಕು ಭಾನುವಾರ ಹಳ್ಳಿಗೆ ಹೋದಳು. ಮೊದಲು ಇಡೀ ಮನೆಯನ್ನು ಅಳೆದಳು. ಕಂಬದಿಂದ ಕಂಬಕ್ಕೆ ಎಷ್ಟು, ಹೊಸಿಲು ಎಷ್ಟೆತ್ತರ, ತೊಟ್ಟಿ ಎಷ್ಟಾಳ, ಎಲ್ಲವೂ ಚೌಕಳಿ ಕಾಗದದ ಮೇಲೆ ಬಂತು. ಅವ್ವ ಅವಳ ಹಿಂದೆಯೇ ಓಡಾಡುತ್ತ, 'ಇದು ಬಾಣಂತಿ ಕೋಣೆ, ನಿಮ್ಮಪ್ಪ ಹುಟ್ಟಿದ್ದು ಇಲ್ಲೇ ಕಣವ್ವಾ, ಅದನ್ನೂ ಬರ್ಕೋ' ಎನ್ನುತ್ತಿದ್ದಳಂತೆ. ಆ ಕೋಣೆ ಆರು ಅಡಿಗೆ ಎಂಟು ಅಡಿ ಎಂದು ನಕ್ಷೆಯಲ್ಲಿದೆ. ಅಷ್ಟು ಚಿಕ್ಕದೆಂದು ನಮಗೆ ಯಾರಿಗೂ ಗೊತ್ತಿರಲಿಲ್ಲ.

ಅಳೆದಾದ ಮೇಲೆ ಚಿತ್ರೀಕರಣ. ಮೊಬೈಲನ್ನು ಒಂದು ಕಡೆ ಅಲುಗದಂತೆ ನಿಲ್ಲಿಸುವುದು, ಎರಡು ಮೂರು ನಿಮಿಷ ಸುಮ್ಮನಿರುವುದು. ಬೆಳಿಗ್ಗೆ ತೊಟ್ಟಿಯ ಪಶ್ಚಿಮದ ಗೋಡೆಯ ಮೇಲೆ ಬೀಳುವ ಬಿಸಿಲು ಸಂಜೆಗೆ ಎದುರು ಗೋಡೆ ಏರುವವರೆಗೂ ಬಿಟ್ಟುಬಿಟ್ಟು ಹಿಡಿದಳು. ಸದ್ದುಗಳನ್ನು ಬೇರೆಯಾಗಿ ದಾಖಲಿಸಿದಳು: ಒರಳುಕಲ್ಲು, ಸೇದುವ ಬಾವಿಯ ರಾಟೆ, ಅಟ್ಟದ ಏಣಿ, ಕೊಟ್ಟಿಗೆಯಲ್ಲಿ ಹಸುವಿನ ಕೊರಳ ಗಂಟೆ, ಚನ್ನಪಟ್ಟಣದಲ್ಲಿ ಅರಗಿನ ಬಣ್ಣ ಹಾಕಿ ಮಾಡಿದ ಗಿಲಕಿ. ಆ ಗಿಲಕಿ ನಾವು ಮೂವರು ಆಡಿಸಿ, ಅವಳೂ ಆಡಿಸಿ ಬಣ್ಣ ಹೋಗಿದ್ದರೂ ಸದ್ದು ಹೋಗಿರಲಿಲ್ಲ. ಎಲ್ಲಕ್ಕಿಂತ ಮುಖ್ಯವಾದದ್ದು ಪಡಸಾಲೆಯ ರೇಷ್ಮೆಹುಳು. ನಾಲ್ಕನೇ ಜ್ವರ ಎದ್ದ ಹುಳುಗಳಿಗೆ ಸೊಪ್ಪು ಹಾಕಿದಾಗ ಬರುವ ಸದ್ದು ಹುಳು ಸಾಕಿದ ಮನೆಯವರಿಗೆ ಮಾತ್ರ ಗೊತ್ತು. ಸಾವಿರಾರು ಪುಟ್ಟ ಬಾಯಿಗಳು ಒಟ್ಟಿಗೆ ಮೇಯುವಾಗ ಹೆಂಚಿನ ಮೇಲೆ ಸಣ್ಣ ಮಳೆ ಹಿಡಿದ ಹಾಗೆ ಕೇಳುತ್ತದೆ. ನಾವೆಲ್ಲ ಅದನ್ನು ಕೇಳುತ್ತ ನಿದ್ದೆ ಹೋದವರೇ.

ಚಿತ್ರ ಹನ್ನೊಂದು ನಿಮಿಷದ್ದಾಯಿತು. ಬೆಳೆ ಮುಗಿದು, ಗೂಡು ರಾಮನಗರದ ಮಾರುಕಟ್ಟೆಗೆ ಹೋದ ಮರುದಿನ ಪಡಸಾಲೆಯಲ್ಲೇ ಎರಡು ಕಂಬಗಳ ನಡುವೆ ಬಿಳಿ ಪಂಚೆ ಕಟ್ಟಿ ತೋರಿಸಿದಳು. ಪ್ರೊಜೆಕ್ಟರು ಅವಳ ಗೆಳತಿಯ ಮನೆಯದು. ಕುಟುಂಬದವರು ಹದಿನಾಲ್ಕು ಜನ ಕೂತಿದ್ದೆವು. ಮೊದಲ ಮೂರು ನಿಮಿಷ ಮಕ್ಕಳು ಕಿಸಕ್ಕೆಂದರು. ದೊಡ್ಡವರಲ್ಲಿ ಒಬ್ಬರು, 'ಇದರಲ್ಲಿ ಯಾರೂ ಬರೋದೇ ಇಲ್ವಾ?' ಎಂದರು. ನಿಜ, ಅದರಲ್ಲಿ ಒಬ್ಬ ಮನುಷ್ಯನೂ ಕಾಣುವುದಿಲ್ಲ. ಆಗ ಮುಂಬಾಗಿಲು ತೆರೆಯುವ ಸದ್ದು ಬಂತು. ನಮ್ಮ ಅಪ್ಪ ಆ ಬಾಗಿಲಿನ ತಿರುಗಣಿಗೆ ಎಣ್ಣೆ ಹಾಕಲು ಬಿಡುತ್ತಿರಲಿಲ್ಲ. ಕಿರ್ರೆಂದರೆ ಕಳ್ಳ ಬಂದದ್ದು ತಿಳಿಯುತ್ತದೆ ಎನ್ನುತ್ತಿದ್ದರು. ಪಂಚೆಯ ಮೇಲೆ ಆಗ ಇದ್ದದ್ದು ಬರೀ ತೊಟ್ಟಿಯ ನೀರು. ಸದ್ದು ಕೇಳಿದ ಅವ್ವ ಪರದೆ ಬಿಟ್ಟು ನಿಜವಾದ ಬಾಗಿಲಿನ ಕಡೆಗೆ ತಿರುಗಿ ನೋಡಿದಳು. ಅಣ್ಣನೂ ನೋಡಿದ. ಅಪ್ಪ ತೀರಿಕೊಂಡು ಹದಿನೇಳು ವರ್ಷವಾಗಿತ್ತು. ಅಲ್ಲಿಂದ ಮುಂದೆ ಯಾರೂ ಮಾತಾಡಲಿಲ್ಲ.

ತಿಂಗಳೊಳಗೆ ಮನೆ ಕೆಡವಿದೆವು. ಒಂದು ಸಿನಿಮಾದಿಂದ ಗೆದ್ದಲು ಹೋಗುವುದಿಲ್ಲವಲ್ಲ! ಕಂಬಗಳನ್ನು ಬೆಂಗಳೂರಿನವರೊಬ್ಬರು ಒಳ್ಳೆ ಬೆಲೆಗೆ ಕೊಂಡರು. ಆದರೆ ಅಣ್ಣನಲ್ಲಿ ಒಂದು ಬದಲಾವಣೆ ಕಂಡೆ. ಅವನು ನಕ್ಷೆಯ ಹಾಳೆಗಳನ್ನು ಕೇಳಿ ತೆಗೆದುಕೊಂಡು ಒಂದು ಸಂಜೆಯೆಲ್ಲ ನೋಡಿದ. 'ಇದನ್ನ ಇವಳಿಗೆ ಯಾರು ಹೇಳಿಕೊಟ್ರು?' ಎಂದು ನನ್ನನ್ನು ಕೇಳಿದ. ಯಾರೂ ಹೇಳಿಕೊಟ್ಟಿಲ್ಲ, ಹೇಳಿಕೊಡುವ ಕಡೆಗೆ ಕಳಿಸು ಎಂದೆ.

ಇಂಥ ಮಕ್ಕಳಿರುವ ತಂದೆತಾಯಿಗಳಿಗಾಗಿ ನಾನು ವಿಚಾರಿಸಿ ತಿಳಿದುಕೊಂಡ ಒಂದೆರಡು ಸಂಗತಿ ಹೇಳುವೆ. ಆರ್ಕಿಟೆಕ್ಚರ್ ಪದವಿ ಐದು ವರ್ಷದ್ದು. ಪಿಯುಸಿಯಲ್ಲಿ ಗಣಿತ ಓದಿರಬೇಕು. 'ನಾಟಾ' ಎಂಬ ಅಭಿರುಚಿ ಪರೀಕ್ಷೆ ಬರೆಯಬೇಕು. ಓದಿ ಮುಗಿಸಿ, 1972ರ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರಿನಲ್ಲಿ ಹೆಸರು ನೋಂದಾಯಿಸಿಕೊಂಡವರಿಗೆ ಮಾತ್ರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳುವ ಹಕ್ಕು. ಚಿತ್ರ ಬರೆಯುವುದರ ಜೊತೆಗೆ ಭಾರದ ಲೆಕ್ಕ, ಗಾಳಿಬೆಳಕಿನ ಲೆಕ್ಕ, ಇತಿಹಾಸ, ಸದ್ದಿನ ಶಾಸ್ತ್ರ ಎಲ್ಲವೂ ಅದರೊಳಗಿದೆ. ಖರ್ಚಿನದು. ಆರಂಭದ ಸಂಬಳ ಕಂಪ್ಯೂಟರಿನವರಷ್ಟು ಇರುವುದಿಲ್ಲ ಎಂದು ಆ ವೃತ್ತಿಯಲ್ಲಿರುವವರೇ ಹೇಳಿದರು. ಇದನ್ನೆಲ್ಲ ಮಗುವಿನ ಎದುರಿಗೇ ಕೂತು ಮಾತಾಡುವುದು ಒಳ್ಳೆಯದು. ಅಣ್ಣ ಹಾಗೇ ಮಾಡಿದ. ಮಗುವಿಗೆ ನಿಜವಾಗಿ ಒಲವಿದೆಯೇ ಎಂದು ತಿಳಿಯಬೇಕಾದರೆ ಕೈಗೊಂದು ಟೇಪು ಕೊಟ್ಟು, ನಿಮ್ಮ ಮನೆಯನ್ನೇ ಅಳೆದು ಬರೆಯಲು ಹೇಳಿ. ಎರಡನೇ ಭಾನುವಾರವೂ ಎದ್ದು ಅಳೆಯಲು ಹೋದರೆ ಒಲವಿದೆ ಎಂದೇ ಲೆಕ್ಕ.

ಕಾಲೇಜಿಗೆ ಹೋಗದವರೂ ಈ ಕೆಲಸ ಮಾಡಬಹುದು. ರಾಮನಗರದ ಬಳಿಯ ಜಾನಪದ ಲೋಕಕ್ಕೆ ಹೋದವರಿಗೆ ಗೊತ್ತು, ಎಚ್.ಎಲ್. ನಾಗೇಗೌಡರು ಹಳ್ಳಿಹಳ್ಳಿ ಸುತ್ತಿ ಹಾಡುಗಳನ್ನು ಧ್ವನಿಮುದ್ರಿಸಿ, ಮನೆಬಳಕೆಯ ಸಾಮಾನುಗಳನ್ನು ಕೂಡಿಸಿ ಎಷ್ಟೊಂದು ಉಳಿಸಿದರೆಂದು. ಆಗ ಅದಕ್ಕೆ ಭಾರವಾದ ಟೇಪ್ ರೆಕಾರ್ಡರ್ ಹೊರಬೇಕಿತ್ತು. ಈಗ ಪ್ರತಿ ಹುಡುಗನ ಜೇಬಿನಲ್ಲೂ ಅದಿದೆ. ನಮ್ಮ ತಾಲ್ಲೂಕುಗಳಲ್ಲಿ ಇನ್ನೂ ನಿಂತಿರುವ ತೊಟ್ಟಿಮನೆಗಳನ್ನು ಬೆರಳೆಣಿಸುವ ಕಾಲ ಬರುವ ಮೊದಲು ಯಾರಾದರೂ ಹೋಗಿ ಕೂತು ಕೇಳಬೇಕು.

ಹುಡುಗಿ ಈಗ ಬೆಂಗಳೂರಿನಲ್ಲಿ ಮೊದಲ ವರ್ಷದ ಆರ್ಕಿಟೆಕ್ಚರ್ ಓದುತ್ತಿದ್ದಾಳೆ. ಅಣ್ಣನ ಪಾಲಿನ ಜಾಗದಲ್ಲಿ ಹೊಸ ಆರ್‌ಸಿಸಿ ಮನೆ ಎದ್ದಿದೆ. ಅವ್ವ ಅಲ್ಲಿಗೆ ಬಂದ ಮೊದಲ ಮಳೆಗಾಲದಲ್ಲಿ, 'ಮಳೆ ಬಂದ್ರೆ ಗೊತ್ತೇ ಆಗಲ್ವಲ್ಲಪ್ಪಾ ಇಲ್ಲಿ' ಎಂದು ಕೊರಗಿದಳು. ರಜೆಗೆ ಬಂದ ಮೊಮ್ಮಗಳು ಮನೆ ಮುಂದೆ ಅಜ್ಜಿಗೊಂದು ಜಗಲಿ ಬರೆದುಕೊಟ್ಟಳು. ಹಳೆಯ ಮನೆಯಿಂದ ಜೋಪಾನವಾಗಿ ಇಳಿಸಿ ಪೇರಿಸಿಟ್ಟಿದ್ದ ನಾಡಹೆಂಚನ್ನೇ ಅದಕ್ಕೆ ಹೊದಿಸಿದ್ದಾಯಿತು. ಮೇಸ್ತ್ರಿಯ ಕೂಲಿ ಬಿಟ್ಟರೆ ಹೆಚ್ಚು ಖರ್ಚಾಗಲಿಲ್ಲ. ಈಗ ಮೋಡ ಕಟ್ಟಿತೆಂದರೆ ಅವ್ವ ಎಲೆಯಡಿಕೆ ತಟ್ಟೆ ಹಿಡಿದು ಅಲ್ಲಿಗೆ ಹೊರಡುತ್ತಾಳೆ.

'ಅವಳ ಐದು ವರ್ಷದ ಫೀಸಿನಲ್ಲಿ ಮೊದಲನೇ ಕಂತು ವಸೂಲಾಯ್ತು ಬಿಡು' ಎನ್ನುತ್ತಾನೆ ಅಣ್ಣ.